ಆಸ್ಟ್ರಿಯಾ–ಅಮೆರಿಕ ನಂಟಿನ ಬಗ್ಗೆ ಥೀಸಿಸ್: 1938ರ ನಿರಾಶ್ರಿತರನ್ನು ತಗೊಳ್ಳಲೋ, ಮಾರ್ಷಲ್ ಯೋಜನೆಯನ್ನೋ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಹನ್ನೊಂದು ವರ್ಷದ ಹಿಂದಿನ ನನ್ನದೇ ನೋಟ್‌ಬುಕ್ ಯಾರೋ ತೆರೆದಿಟ್ಟ ಹಾಗಾಯಿತು. ನೀವು ಬರೆದದ್ದು ಇಷ್ಟು: ವಿಯೆನ್ನಾದಲ್ಲಿ ಎಂ.ಎ., ಆಸ್ಟ್ರಿಯನ್ನರಿಗೂ ಅಮೆರಿಕನ್ನರಿಗೂ ಇರುವ ನಂಟಿನ ಮೇಲೆ ಥೀಸಿಸ್. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾಕ್ಕೆ ಬಂದ ಮೇಲೆ ಓಡಿಹೋದ ವಿಜ್ಞಾನಿ, ಕಲಾವಿದರೋ, ಯುದ್ಧದ ನಂತರ ಮಾರ್ಷಲ್ ಯೋಜನೆಯ ಹೆಸರಲ್ಲಿ ಬಂದ ಅಮೆರಿಕದ ಹಣವೋ ಎಂಬ ಗೊಂದಲ. ‘1938ಕ್ಕೂ ಮೊದಲು ಹೇಳಿಕೊಳ್ಳುವಂಥ ಸಂಬಂಧವೇನೂ ಇರಲಿಲ್ಲ’ ಎಂಬ ನಂಬಿಕೆ. ಇಂಗ್ಲಿಷ್ ಆಕರಗಳಲ್ಲೇ ಮುಗಿಸಬಹುದಾ ಎಂಬ ಆಸೆ. ಇವೆಲ್ಲ ನನಗೂ ಇದ್ದವು. ಎರಡರಲ್ಲಿ ಯಾವುದು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನಗೆ ಏನಾಯಿತು ಕೇಳಿ.

ನಾನು ಧಾರವಾಡದಲ್ಲಿ ಇತಿಹಾಸ ಓದಿ ವಿಯೆನ್ನಾಕ್ಕೆ ಬಂದವನು. ಎರಡು ವರ್ಷದ ವಿದ್ಯಾರ್ಥಿವೇತನ ಸಿಕ್ಕಿತ್ತು. ನಾನೂ ದೊಡ್ಡ ಹೆಸರುಗಳ ಪಟ್ಟಿ ಹಿಡಿದುಕೊಂಡೇ ಗೈಡ್ ಹತ್ತಿರ ಹೋಗಿದ್ದೆ. ಅವರು ಪಟ್ಟಿಯನ್ನು ಪಕ್ಕಕ್ಕಿಟ್ಟು, ‘ಒಂದು ಸಣ್ಣ ಊರು ಹಿಡಿ’ ಅಂದರು. ಹೀಗೆ ಸಿಕ್ಕಿದ್ದು ಪೆನ್ಸಿಲ್ವೇನಿಯಾದ ನಾರ್ಥಾಂಪ್ಟನ್. ಲೀಹೈ ನದಿಯ ದಂಡೆಯ ಊರು. ಅಟ್ಲಾಸ್ ಪೋರ್ಟ್‌ಲ್ಯಾಂಡ್ ಸಿಮೆಂಟ್ ಕಂಪನಿಯ ದೊಡ್ಡ ಕಾರ್ಖಾನೆ ಅಲ್ಲಿತ್ತು, ಪನಾಮಾ ಕಾಲುವೆಗೆ ಸಿಮೆಂಟ್ ಒದಗಿಸಿದ್ದು ಈ ಕಂಪನಿಯೇ. ಆ ಧೂಳಿನಲ್ಲಿ ದುಡಿದವರಲ್ಲಿ ಬಹಳಷ್ಟು ಜನ ಯುರೋಪಿನಿಂದ ಹೋದ ರೈತಾಪಿ ಜನ. ಅವರಲ್ಲಿ ಆಸ್ಟ್ರಿಯನ್ನರು ಯಾರು, ಯಾವಾಗ ಬಂದರು, ಹೇಗೆ ಬದುಕಿದರು ಅನ್ನುವುದು ನನ್ನ ವಿಷಯ.

ಕೆಲಸ ಸರಳ ಅನ್ನಿಸಿತು. ಅಮೆರಿಕದ 1910ರ ಮತ್ತು 1930ರ ಜನಗಣತಿಯ ಹಾಳೆಗಳು ಕಂಪ್ಯೂಟರಿನಲ್ಲೇ ನೋಡಲು ಸಿಗುತ್ತವೆ. ಒಬ್ಬೊಬ್ಬರಿಗೂ ಒಂದೊಂದು ಸಾಲು: ಹೆಸರು, ವಯಸ್ಸು, ಹುಟ್ಟಿದ ದೇಶ, ತಾಯ್ನುಡಿ, ಕಸುಬು. ನಾಲ್ಕು ತಿಂಗಳು ಕೂತು ಸಾವಿರಾರು ಸಾಲುಗಳನ್ನು ಎಕ್ಸೆಲ್‌ಗೆ ಏರಿಸಿದೆ. ಕಣ್ಣು ಉರಿಯುತ್ತಿತ್ತು, ಆದರೂ ಖುಷಿಯಿತ್ತು. ಆಮೇಲೆ ಹುಟ್ಟಿದ ದೇಶದ ಕಾಲಂಗೆ ಫಿಲ್ಟರ್ ಹಾಕಿ ‘ಆಸ್ಟ್ರಿಯಾ’ ಅಂತ ಇದ್ದದ್ದನ್ನು ಇಟ್ಟುಕೊಂಡೆ. ‘ಹಂಗರಿ’ ಅಂತ ಇದ್ದ ಸಾಲುಗಳನ್ನು ಅಳಿಸಿದೆ.

ಇದೇ ಆ ತಪ್ಪು. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ನೀವು ಯಾವ ವಿಷಯ ಆರಿಸಿಕೊಂಡರೂ ಈ ಹಳ್ಳ ನಿಮ್ಮ ದಾರಿಯಲ್ಲಿ ಇದ್ದೇ ಇರುತ್ತದೆ.

1910ರಲ್ಲಿ ಇದ್ದದ್ದು ಆಸ್ಟ್ರಿಯಾ–ಹಂಗರಿ ಎಂಬ ಜೋಡಿ ಸಾಮ್ರಾಜ್ಯ. ಗಣತಿಯವರಿಗೆ ಸೂಚನೆ ಇತ್ತು: ಎರಡನ್ನೂ ಸೇರಿಸಿ ಬರೆಯಬೇಡಿ, ಆಸ್ಟ್ರಿಯಾ ಅಂತಲೋ ಹಂಗರಿ ಅಂತಲೋ ಬೇರೆ ಬೇರೆ ಬರೆಯಿರಿ, ಜೊತೆಗೆ ತಾಯ್ನುಡಿಯನ್ನೂ ಬರೆಯಿರಿ. ಹಾಗಾಗಿ ಇವತ್ತಿನ ಪೋಲೆಂಡ್, ಉಕ್ರೇನ್ ಕಡೆಯ ಗಲೀಷಿಯಾದಿಂದ ಬಂದವನು ‘ಆಸ್ಟ್ರಿಯಾ’ದವನಾಗಿ ಕೂತಿದ್ದ. ಇವತ್ತು ಆಸ್ಟ್ರಿಯಾದ ಒಂಬತ್ತು ರಾಜ್ಯಗಳಲ್ಲಿ ಒಂದಾದ ಬುರ್ಗೆನ್‌ಲಾಂಡ್‌ನ ರೈತ ‘ಹಂಗರಿ’ಯವನಾಗಿದ್ದ. ಯಾಕೆಂದರೆ ಆ ಪ್ರದೇಶ ಆಗ ಹಂಗರಿಯ ಪಶ್ಚಿಮದ ಅಂಚು. ಅಲ್ಲಿನ ಹೆಚ್ಚಿನ ಜನ ಆಡುತ್ತಿದ್ದದ್ದು ಜರ್ಮನ್, ಆದರೆ ಆಳುತ್ತಿದ್ದದ್ದು ಬುಡಾಪೆಸ್ಟ್. ಮೊದಲ ಮಹಾಯುದ್ಧದ ನಂತರದ ಒಪ್ಪಂದಗಳಲ್ಲಿ ಗಡಿ ಸರಿದು, 1921ರಲ್ಲಿ ಆ ನೆಲ ಆಸ್ಟ್ರಿಯಾಕ್ಕೆ ಸೇರಿತು. ರಾಜಧಾನಿ ಆಗಬೇಕಿದ್ದ ಷೋಪ್ರೋನ್ ಪಟ್ಟಣ ಆ ವರ್ಷದ ಡಿಸೆಂಬರಿನಲ್ಲಿ ಮತ ಹಾಕಿ ಹಂಗರಿಯಲ್ಲೇ ಉಳಿಯಿತು.

ಇವತ್ತಿನ ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋದವರಲ್ಲಿ ಎಲ್ಲರಿಗಿಂತ ಎದ್ದು ಕಾಣುವ ಗುಂಪು ಈ ಬುರ್ಗೆನ್‌ಲಾಂಡ್‌ನವರದೇ. ತುಂಡು ತುಂಡಾದ ಹೊಲ, ಮನೆ ತುಂಬ ಮಕ್ಕಳು, ಮಳೆ ಕೈಕೊಟ್ಟರೆ ಸಾಲ. ಚಿಕಾಗೋವನ್ನು ‘ಬುರ್ಗೆನ್‌ಲಾಂಡ್‌ನ ಅತಿ ದೊಡ್ಡ ಊರು’ ಅಂತ ಕರೆಯುವ ರೂಢಿ ಅಲ್ಲಿ ಈಗಲೂ ಇದೆ. ನಾರ್ಥಾಂಪ್ಟನ್ ತುಂಬ ಇದ್ದವರೂ ಇವರೇ. ನಾನು ಅಳಿಸಿದ್ದು ಅವರನ್ನು.

ಇನ್ನೂ ಕೇಳಿ. 1930ರ ಗಣತಿಯಲ್ಲಿ ಸೂಚನೆ ತಿರುಗಿತ್ತು. ಹುಟ್ಟಿದ ಊರು ಈಗ ಯಾವ ದೇಶದಲ್ಲಿದೆಯೋ ಆ ದೇಶದ ಹೆಸರು ಬರೆಯಿರಿ, ಯುದ್ಧದಲ್ಲಿ ನೆಲ ಕಳೆದುಕೊಂಡ ದೇಶಗಳ ವಿಷಯದಲ್ಲಿ ವಿಶೇಷ ಎಚ್ಚರ ಇರಲಿ, ಅಂತ. ಅಂದರೆ ಅದೇ ಮನುಷ್ಯ, ಅದೇ ಮನೆ, ಅದೇ ಕಾರ್ಖಾನೆ. 1910ರಲ್ಲಿ ಹಂಗರಿಯವನು, 1930ರಲ್ಲಿ ಆಸ್ಟ್ರಿಯಾದವನು. ನನ್ನ ಹಾಳೆಯಲ್ಲಿ ಏನು ಕಂಡಿತು ಊಹಿಸಿ. ಇಪ್ಪತ್ತು ವರ್ಷದಲ್ಲಿ ಊರಿನ ‘ಆಸ್ಟ್ರಿಯನ್ನರು’ ದಿಢೀರನೆ ಹೆಚ್ಚಾಗಿಬಿಟ್ಟಿದ್ದರು. ಅಂಕಿ ಕಣ್ಣೆದುರಿಗಿದ್ದರೆ ಕಾರಣ ಹುಡುಕದೆ ಮನಸ್ಸು ಬಿಡುವುದಿಲ್ಲ. ಯುದ್ಧ ಸೋತ ಆಸ್ಟ್ರಿಯಾದ ಹಸಿವು, ಹಣದುಬ್ಬರ, ಆ ಹಸಿವಿನಿಂದ ಹೊಸದಾಗಿ ಹರಿದ ವಲಸೆ ಅಂತ ನಲವತ್ತು ಪುಟದ ಅಧ್ಯಾಯ ಬರೆದೆ. 1922–23ರಲ್ಲಿ ನಿಜವಾಗಿಯೂ ಒಂದು ವಲಸೆಯ ಅಲೆ ಇತ್ತು. ಹಾಗಾಗಿ ನನ್ನ ಕಥೆ ಸತ್ಯದ ಪಕ್ಕದಲ್ಲೇ ನಿಂತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರನ್ನು ನಾನು ನಿನ್ನೆ ಹಡಗು ಇಳಿದವರನ್ನಾಗಿ ಮಾಡಿದ್ದೆ.

ಹೆಸರುಗಳಾದರೂ ಎಚ್ಚರಿಸಬೇಕಿತ್ತು. ಹಡಗಿನ ಪ್ರಯಾಣಿಕರ ಪಟ್ಟಿಗಳನ್ನೂ ನಾನು ನೋಡಿದ್ದೆ. ಹಂಗರಿಯ ಆಡಳಿತದಲ್ಲಿ ಯೋಹಾನ್ ಯಾನೋಶ್ ಆಗುತ್ತಾನೆ, ಫ್ರಾಂಜ್ ಫೆರೆಂಟ್ಸ್ ಆಗುತ್ತಾನೆ, ಸ್ಟೆಫಾನ್ ಇಶ್ತ್‌ವಾನ್ ಆಗುತ್ತಾನೆ. ಊರಿನ ಹೆಸರೂ ಹಾಗೆಯೇ: ಸ್ಟೇಗರ್ಸ್‌ಬಾಖ್ ‘ಸೆಂತೆಲೆಕ್’, ಗ್ಯೂಸಿಂಗ್ ‘ನೇಮೆತ್‌ಉಯ್‌ವಾರ್’. ಸೆಂತೆಲೆಕ್‌ನ ಯಾನೋಶ್ ಅಂದರೆ ಹಂಗರಿಯವನು ಅಂತ ನಾನು ಕಣ್ಮುಚ್ಚಿ ಮುಂದೆ ಹೋದೆ. ಅದೇ ಸಾಲಿನಲ್ಲಿ ಎರಡು ಕಾಲಂ ಆಚೆ, 1899ರಿಂದ ಆ ಪಟ್ಟಿಗಳಲ್ಲಿ ಇರುವ ‘ಜನಾಂಗ’ದ ಕಾಲಂನಲ್ಲಿ, ‘ಜರ್ಮನ್’ ಅಂತ ಸ್ಪಷ್ಟವಾಗಿ ಬರೆದಿತ್ತು. ಗಣತಿ ಹಾಳೆಯಲ್ಲೂ ಹಂಗರಿಯ ಮುಂದೆ ತಾಯ್ನುಡಿ ಜರ್ಮನ್ ಅಂತ ಇತ್ತು. ಬರೆದವರು ಬರೆದಿದ್ದರು. ನಾನು ಒಂದೇ ಕಾಲಂ ನಂಬಿದೆ, ಅಷ್ಟೇ.

ಅಧ್ಯಾಯವನ್ನು ವಿಭಾಗದ ಸೆಮಿನಾರಿನಲ್ಲಿ ಓದಿದೆ. ಹೊರಗಿನವರೂ ಬರಬಹುದಾದ ಸೆಮಿನಾರು. ಹಿಂದಿನ ಸಾಲಿನಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಕೂತಿದ್ದರು. ಪ್ರಶ್ನೆಗಳ ಹೊತ್ತಿನಲ್ಲಿ ಸುಮ್ಮನಿದ್ದರು. ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು ಕೈಚೀಲದಿಂದ ಒಂದು ಹಳೆಯ ಪೋಸ್ಟ್‌ಕಾರ್ಡ್ ತೆಗೆದರು. ಒಂದು ಬದಿಗೆ ಕಾರ್ಖಾನೆಯ ಗೂಡುಗಳು, ಇನ್ನೊಂದು ಬದಿಗೆ ನನಗೆ ಓದಲು ಬಾರದ ಮೊನಚು ಮೊನಚು ಅಕ್ಷರ. ‘ನನ್ನ ಅಜ್ಜ 1906ರಲ್ಲಿ ನಾರ್ಥಾಂಪ್ಟನ್‌ಗೆ ಹೋದ. ಹದಿನೈದು ವರ್ಷ ಅಲ್ಲಿ ಸಿಮೆಂಟ್ ಚೀಲ ಹೊತ್ತ. ನಿಮ್ಮ ಪಟ್ಟಿಯಲ್ಲಿ ಅವನು ಎಲ್ಲಿದ್ದಾನೆ, ತೋರಿಸ್ತೀರಾ?’ ಅಂದರು. ಕೋಪವಿರಲಿಲ್ಲ, ನಿಜವಾಗಿಯೂ ನೋಡಬೇಕು ಅಂತಲೇ ಕೇಳಿದರು. ಲ್ಯಾಪ್‌ಟಾಪ್ ತೆರೆದು ಹುಡುಕಿದೆ. ಇರಲಿಲ್ಲ. ‘ಊರು ಯಾವುದು?’ ಅಂದೆ. ಸ್ಟೇಗರ್ಸ್‌ಬಾಖ್ ಅಂದರು. ಆಮೇಲೆ ತಾವೇ, ‘ಆಗ ಹಂಗರಿ’ ಅಂತ ಸೇರಿಸಿದರು.

ಆ ಎರಡು ಮಾತಿಗೆ ನನ್ನ ಹೊಟ್ಟೆಯಲ್ಲಿ ಏನೋ ಕುಸಿಯಿತು. ಯಾಕೆಂದರೆ ನನಗೆ ಇದು ಗೊತ್ತಿರಬೇಕಿತ್ತು. ನನ್ನ ಸ್ವಂತ ಅಜ್ಜನ ಶಾಲಾ ದಾಖಲೆಯಲ್ಲಿ ಮುಂಬಯಿ ಪ್ರಾಂತ ಅಂತ ಇದೆ. ಹುಟ್ಟಿದ್ದು, ಬೆಳೆದದ್ದು, ಸತ್ತದ್ದು ಧಾರವಾಡ ಜಿಲ್ಲೆಯ ಒಂದೇ ಮನೆಯಲ್ಲಿ. 1956ರಲ್ಲಿ ಗಡಿ ಬದಲಾದಾಗ ಅಜ್ಜ ಜಾಗ ಬಿಟ್ಟು ಕದಲಿರಲಿಲ್ಲ. ಬಳ್ಳಾರಿಯವರಿಗೆ ಮದ್ರಾಸು, ರಾಯಚೂರಿನವರಿಗೆ ಹೈದರಾಬಾದು ಅಂತ ಕೇಳುತ್ತಲೇ ಬೆಳೆದವನು ನಾನು. ‘ಮುಂಬಯಿ ಪ್ರಾಂತದಲ್ಲಿ ಹುಟ್ಟಿದವರು ಕನ್ನಡಿಗರಲ್ಲ’ ಅಂತ ಯಾರಾದರೂ ನಮ್ಮಜ್ಜನ ಹೆಸರು ಅಳಿಸಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಬೇರೆಯವರ ಅಜ್ಜನಿಗೆ ಅದನ್ನೇ ಮಾಡಿದ್ದೆ.

ಬೆಲೆ ತೆತ್ತದ್ದು ಹೀಗೆ: ಅಧ್ಯಾಯವನ್ನು ಹಿಂತೆಗೆದುಕೊಂಡೆ. ಅಳಿಸಿದ ಸಾಲುಗಳ ಪ್ರತಿ ಇಟ್ಟುಕೊಂಡಿರಲಿಲ್ಲ, ಹಾಗಾಗಿ ಮೊದಲಿಂದ ಎಲ್ಲ ಏರಿಸಬೇಕಾಯಿತು. ಏಳು ತಿಂಗಳು. ಅಷ್ಟರಲ್ಲಿ ವಿದ್ಯಾರ್ಥಿವೇತನ ಮುಗಿಯಿತು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಕಳಿಸಿದರು. ನಾನು ಬೆಳಗಿನ ಜಾವ ನಾಲ್ಕಕ್ಕೆ ಒಂದು ಬೇಕರಿಯಲ್ಲಿ ಟ್ರೇ ತೊಳೆಯುತ್ತಿದ್ದೆ. ಆ ಚಳಿಗಾಲದಲ್ಲಿ ತಂಗಿಯ ಮದುವೆಗೆ ಹೋಗಲಾಗಲಿಲ್ಲ. ಅದರ ಫೋಟೋಗಳನ್ನು ಇವತ್ತಿಗೂ ಪೂರ್ತಿ ನೋಡಿಲ್ಲ.

ಈಗ ನಿಮ್ಮ ಪ್ರಶ್ನೆ. ‘1938ಕ್ಕೆ ಮೊದಲು ಸಂಬಂಧ ಇರಲಿಲ್ಲ’ ಅನ್ನುವುದನ್ನು ಇವತ್ತೇ ಕೈಬಿಡಿ. ಅದನ್ನು ನಂಬಿಕೊಂಡು ಎರಡರಲ್ಲಿ ಯಾವುದನ್ನು ಆರಿಸಿದರೂ ಥೀಸಿಸ್ ಸೊಟ್ಟಗೇ ಬರುತ್ತದೆ. 1731ರಲ್ಲಿ ಸಾಲ್ಸ್‌ಬುರ್ಗ್‌ನ ಆರ್ಚ್‌ಬಿಷಪ್ ಫಿರ್ಮಿಯಾನ್ ಪ್ರಾಟೆಸ್ಟಂಟರನ್ನು ನಾಡು ಬಿಡಿಸುವ ಆಜ್ಞೆ ಹೊರಡಿಸಿದ. ಸುಮಾರು ಇಪ್ಪತ್ತು ಸಾವಿರ ಜನ ಮನೆಮಠ ಬಿಟ್ಟರು. ಬಹುಪಾಲು ಪ್ರಷ್ಯಾಕ್ಕೆ ಹೋದರೆ, ಒಂದು ಸಣ್ಣ ಗುಂಪು 1734ರಲ್ಲಿ ಅಮೆರಿಕದ ಜಾರ್ಜಿಯಾ ತಲುಪಿ ಸವಾನಾ ಹತ್ತಿರ ಎಬೆನೇಜರ್ ಅನ್ನುವ ಊರು ಕಟ್ಟಿತು. ಅಮೆರಿಕ ಅನ್ನುವ ದೇಶ ಹುಟ್ಟುವುದಕ್ಕೂ ನಲವತ್ತು ವರ್ಷ ಮೊದಲು! ಅವರು ಕಟ್ಟಿದ ಇಟ್ಟಿಗೆಯ ಜೆರೂಸಲೇಂ ಚರ್ಚು ಈಗಲೂ ನಿಂತಿದೆ. (ಇಲ್ಲೂ ಅದೇ ಹಳ್ಳ: ಆಗ ಸಾಲ್ಸ್‌ಬುರ್ಗ್ ಆಸ್ಟ್ರಿಯಾದ ಭಾಗವಲ್ಲ, ಆರ್ಚ್‌ಬಿಷಪ್ಪನದೇ ಪ್ರತ್ಯೇಕ ರಾಜ್ಯ.) ನೂರು ವರ್ಷದ ನಂತರ, 1829ರಲ್ಲಿ, ವಿಯೆನ್ನಾದಲ್ಲಿ ಲಿಯೋಪೋಲ್ಡಿನ್ ಪ್ರತಿಷ್ಠಾನ ಶುರುವಾಯಿತು, ಅಮೆರಿಕದ ಕ್ಯಾಥೊಲಿಕ್ ಮಿಷನ್ನುಗಳಿಗೆ ಇಲ್ಲಿನ ಭಕ್ತರ ಕಾಸು ಹೋಗತೊಡಗಿತು. ಟೆಲಿಗ್ರಾಫಿನ ಸ್ಯಾಮ್ಯುಯೆಲ್ ಮೋರ್ಸ್ ಇದೆಲ್ಲ ಅಮೆರಿಕದ ಸ್ವಾತಂತ್ರ್ಯ ಕಸಿಯುವ ವಿದೇಶಿ ಪಿತೂರಿ ಅಂತ 1835ರಲ್ಲಿ ಪುಸ್ತಕವನ್ನೇ ಬರೆದ. ಯೋಚಿಸಿ, ಹಣ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತಿದ್ದ ಕಾಲವೂ ಒಂದಿತ್ತು. 1838ರಲ್ಲಿ ರಾಯಭಾರಿಗಳ ವಿನಿಮಯವಾಯಿತು. 1848ರಲ್ಲಿ ರೈತರ ಬಿಟ್ಟಿಚಾಕರಿ ರದ್ದಾಗಬೇಕೆಂದು ವಿಯೆನ್ನಾದ ಸಂಸತ್ತಿನಲ್ಲಿ ಠರಾವು ತಂದ ಹಾನ್ಸ್ ಕುಡ್ಲಿಷ್, ಕ್ರಾಂತಿ ಸೋತ ಮೇಲೆ ಅಮೆರಿಕಕ್ಕೆ ಹೋಗಿ ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ ಡಾಕ್ಟರಾಗಿ ಬದುಕಿ 1917ರಲ್ಲಿ ಅಲ್ಲೇ ತೀರಿಕೊಂಡ. ಇನ್ನು 1901ರಿಂದ 1910ರ ಒಂದೇ ದಶಕದಲ್ಲಿ ಆಸ್ಟ್ರಿಯಾ–ಹಂಗರಿ ಸಾಮ್ರಾಜ್ಯದಿಂದ ಅಮೆರಿಕಕ್ಕೆ ಹೋದವರು 20 ಲಕ್ಷಕ್ಕೂ ಹೆಚ್ಚು. ಇದನ್ನೆಲ್ಲ ದಾಟಿ 1938ಕ್ಕೆ ನೆಗೆದರೆ ನಡುವಿನ ಜನ ಎಲ್ಲಿ ಹೋಗಬೇಕು?

ನಿರಾಶ್ರಿತರನ್ನೇ ತಗೊಳ್ಳುತ್ತೀರಾದರೆ ನನ್ನ ಒತ್ತಾಯ ಒಂದೇ: ಹೆಸರು ಮಾಡಿದವರ ಮೇಲೆ ಇನ್ನೊಂದು ಥೀಸಿಸ್ ಬೇಡ. ಗಣಿತಜ್ಞ ಗ್ಯೋಡೆಲ್, ಸಿನಿಮಾ ನಿರ್ದೇಶಕ ಬಿಲಿ ವೈಲ್ಡರ್, ನಟಿ ಹೆಡಿ ಲಮಾರ್ ಬಗ್ಗೆ ಕಪಾಟು ತುಂಬ ಪುಸ್ತಕಗಳಿವೆ. ನೀವು ವೀಸಾ ಕೋಟಾ ನೋಡಿ. 1924ರ ಕಾನೂನಿನ ಪ್ರಕಾರ ಆಸ್ಟ್ರಿಯಾಕ್ಕೆ ವರ್ಷಕ್ಕೆ ಸಿಕ್ಕ ಪಾಲು 785. 1929ರಿಂದ 1,413 ಆಯಿತು. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅಮೆರಿಕ ಈ ಕೋಟಾವನ್ನು ಜರ್ಮನಿಯದರ ಜೊತೆ ಸೇರಿಸಿತು, ಒಟ್ಟು 27,370. ವಿಯೆನ್ನಾ ಒಂದರಲ್ಲೇ ಆಗ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಯಹೂದ್ಯರಿದ್ದರು. ದೂತಾವಾಸದ ಮುಂದೆ ಸಾಲು, ಅಮೆರಿಕದಲ್ಲಿ ಜಾಮೀನು ನಿಲ್ಲಲು ಒಬ್ಬ ನೆಂಟನ ಹುಡುಕಾಟ. ಜಾಮೀನು ಸಿಗದ ದರ್ಜಿ, ಸಿಗದ ಶಾಲಾ ಮಾಸ್ತರ ಇವರ ಕಥೆಗೆ ಜಾಗ ಕೊಡಿ. ಮತ್ತೆ, ಅಮೆರಿಕದ ದಾಖಲೆಗಳಲ್ಲಿ ಇವರು ‘ಜರ್ಮನಿ’ಯವರಾಗಿ ಸಿಗಬಹುದು, ‘ಆಸ್ಟ್ರಿಯಾ’ ಅಂತ ಫಿಲ್ಟರ್ ಹಾಕಿ ನನ್ನಂತೆ ಅಳಿಸಿಬಿಡಬೇಡಿ.

ಹೆಸರಾದವರಲ್ಲಿ ಒಬ್ಬರನ್ನು ಮಾತ್ರ ನಾನು ಬಿಟ್ಟುಕೊಡಲಾರೆ: ವಿಕ್ಟರ್ ಗ್ರೂಯೆನ್. ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ, 1938ರಲ್ಲಿ ಓಡಿಹೋದವರು. ಕಾರುಗಳಲ್ಲೇ ಬದುಕುವ ಅಮೆರಿಕನ್ನರಿಗೆ ವಿಯೆನ್ನಾದ ಪೇಟೆಬೀದಿಯಂಥ, ನಡೆದಾಡುವ, ಕೂತು ಹರಟುವ ಜಾಗ ಕೊಡಬೇಕೆಂದು 1956ರಲ್ಲಿ ಮಿನೆಸೋಟಾದ ಇಡೈನಾದಲ್ಲಿ ಸೌತ್‌ಡೇಲ್ ಕಟ್ಟಿದರು. ಅಮೆರಿಕದ ಮೊದಲ ಪೂರ್ತಿ ಮುಚ್ಚಿದ ಶಾಪಿಂಗ್ ಮಾಲ್ ಅದು. ಸುತ್ತ ಮನೆ, ಶಾಲೆ, ಆಸ್ಪತ್ರೆ ಎಲ್ಲ ಬರಬೇಕೆಂಬುದು ಅವರ ಕನಸು. ಉಳಿದದ್ದು ಅಂಗಡಿ, ಪಾರ್ಕಿಂಗ್. ಮನಸ್ಸು ಮುರಿದು ವಿಯೆನ್ನಾಕ್ಕೆ ವಾಪಸ್ ಬಂದರೆ, 1976ರಲ್ಲಿ ಅದೇ ಊರಿನ ದಕ್ಷಿಣದ ಅಂಚಿನಲ್ಲಿ ದೈತ್ಯ ಮಾಲ್ ಒಂದು ತೆರೆಯಿತು. ಒಂದು ಊರಿನ ನೆನಪು ಸಾಗರ ದಾಟಿ, ರೂಪ ಕೆಟ್ಟು, ಅದೇ ಊರಿಗೆ ಮರಳಿತು. ನನಗೆ ಸಮಯವಿದ್ದಿದ್ದರೆ ಇದರ ಮೇಲೇ ಬರೆಯುತ್ತಿದ್ದೆ.

ಮಾರ್ಷಲ್ ಯೋಜನೆ ಬೇಡ ಅಂತಲೇ ನನ್ನ ಅಭಿಪ್ರಾಯ. ಸೋವಿಯತ್ ಸೈನ್ಯ ದೇಶದ ಒಂದು ಭಾಗದಲ್ಲಿ ಕೂತಿರುವಾಗಲೇ ಆಸ್ಟ್ರಿಯಾ ಆ ನೆರವು ಪಡೆಯಿತು, ಅದು ನಿಜಕ್ಕೂ ದೊಡ್ಡ ವಿಷಯ. ಆದರೆ ‘ಅಮೆರಿಕ ಕೊಟ್ಟಿತು, ಆಸ್ಟ್ರಿಯಾ ಎದ್ದಿತು’ ಅನ್ನುವ ಜಾಡಿನಿಂದ ಹೊರಬರುವುದು ಎಂ.ಎ. ಮಟ್ಟದಲ್ಲಿ ಕಷ್ಟ. ಬರಲೇಬೇಕೆಂದರೆ ಕಾಪ್ರುನ್ ಅಣೆಕಟ್ಟಿಗೆ ಹೋಗಿ. ನಾಜಿ ಕಾಲದಲ್ಲಿ ಶುರುವಾದ ಕೆಲಸ, ಸೆರೆಯಾಳುಗಳನ್ನು ಹೊಡೆದು ಬಡಿದು ದುಡಿಸಿದ ಜಾಗ. ಯುದ್ಧದ ನಂತರ ಮಾರ್ಷಲ್ ಹಣದಲ್ಲಿ ಮುಗಿದು, 1955ರಲ್ಲಿ ಹೊಸ ದೇಶದ ಹೆಮ್ಮೆಯಾಯಿತು. ಈ ಎರಡನ್ನೂ ಒಂದೇ ಪುಟದಲ್ಲಿ ಇಡುವ ಧೈರ್ಯವಿದ್ದರೆ ಬರೆಯಿರಿ.

ಇಂಗ್ಲಿಷ್ ಸಾಕಾ ಅಂದಿರಿ. ಸಾಕಾಗುವುದಿಲ್ಲ. ಜರ್ಮನ್ ಕಲಿತರೂ ಸಾಕಾಗುವುದಿಲ್ಲ, ಕುರೆಂಟ್ ಎಂಬ ಹಳೆಯ ಕೈಬರಹವನ್ನು ಓದಲು ಕಲಿಯಬೇಕು. ಅಜ್ಜಿಯ ಕಾರ್ಡಿನ ಮೇಲಿದ್ದ ಮೊನಚು ಅಕ್ಷರ ಅದೇ. ಮೋಡಿ ಲಿಪಿಯ ಕಡತ ನೋಡಿದವರಿಗೆ ಅದರ ಕಷ್ಟ ಅರ್ಥವಾಗುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳು ಕೂತರೆ ಕೈಗೆ ಬರುತ್ತದೆ. ಬುರ್ಗೆನ್‌ಲಾಂಡ್ ಆದರೆ ನೂರಿನ್ನೂರು ಹಂಗೇರಿಯನ್ ಪದವೂ ಬೇಕು, ಯಾಕೆಂದರೆ 1895ರ ಅಕ್ಟೋಬರಿನಿಂದ ಗಡಿ ಸರಿಯುವ ತನಕ ಅಲ್ಲಿನ ಜನನ–ಮರಣ ನೋಂದಣಿ ಆ ಭಾಷೆಯಲ್ಲಿದೆ. ಮತ್ತು ಅಲ್ಲಿ ಎಲ್ಲರೂ ಜರ್ಮನ್ ಅಂತಲೂ ತಿಳಿಯಬೇಡಿ. ಸ್ಟೇಗರ್ಸ್‌ಬಾಖ್‌ನ ಪಕ್ಕದ ಸ್ಟಿನಾಟ್ಸ್ ಕ್ರೊಯೇಷಿಯನ್ ಆಡುವ ಹಳ್ಳಿ. ನಾನು ಎರಡನೇ ಸಲ ಪಟ್ಟಿ ಮಾಡುವಾಗ ‘ಜರ್ಮನ್’ ಅಂತ ಫಿಲ್ಟರ್ ಹಾಕಿ ಈ ಜನರನ್ನೂ ಇನ್ನೇನು ಅಳಿಸುವುದರಲ್ಲಿದ್ದೆ. ಅಜ್ಜಿಯೇ ತಡೆದರು.

ಹೌದು, ಅವರ ಜೊತೆ ಒಡನಾಟ ಮುಂದುವರಿಯಿತು. ಅವರ ಊರಿನ ಕಡೆಯ ಗ್ಯೂಸಿಂಗ್‌ಗೆ ರೈಲಿಲ್ಲ, ವಿಯೆನ್ನಾದಿಂದ ಬಸ್ಸಿನಲ್ಲಿ ಹೋಗಬೇಕು. ನಾನು ಹೋದಾಗ ಅಲ್ಲಿ ವಲಸೆ ಹೋದವರ ನೆನಪಿಗೇ ಒಂದು ಮ್ಯೂಸಿಯಂ ಇತ್ತು. ಮೊದಲೇ ಫೋನ್ ಮಾಡಿ ಹೋಗಿ. ಆ ದಿನ ಅಜ್ಜಿ ನನ್ನನ್ನು ಹಳ್ಳಿ ಹಳ್ಳಿ ಸುತ್ತಿಸಿ, ‘ಇದು ಡಾಲರಿನ ಮನೆ, ಇದೂ ಡಾಲರಿನ ಮನೆ, ಇವರು ಹೋದವರು ಬರಲೇ ಇಲ್ಲ’ ಅಂತ ಒಂದೊಂದು ಬಾಗಿಲೂ ತೋರಿಸಿದರು. ಅವರ ಅಜ್ಜ ಬಂದವರಲ್ಲಿ ಒಬ್ಬ. ತಂದ ಹಣದಲ್ಲಿ ಎರಡು ತುಂಡು ಹೊಲ, ಒಂದು ಹಸು. ಅಮೆರಿಕದಲ್ಲಿ ಹುಟ್ಟಿದ ಮಗಳನ್ನೂ ಕರೆತಂದಿದ್ದ. ಆ ಮಗಳೇ ಇವರ ತಾಯಿ. ಸಾಯುವ ತನಕ ದನ ಎಣಿಸುವಾಗ ಮಾತ್ರ ಇಂಗ್ಲಿಷ್‌ನಲ್ಲಿ ಎಣಿಸುತ್ತಿದ್ದಳಂತೆ.

ನಾರ್ಥಾಂಪ್ಟನ್ ಮತ್ತು ಸ್ಟೇಗರ್ಸ್‌ಬಾಖ್ ಈಗ ಸೋದರಿ ಊರುಗಳು. ಥೀಸಿಸ್ ಕೊನೆಗೂ ಒಪ್ಪಿತವಾದಾಗ ಮೊದಲ ಪ್ರತಿಯನ್ನು ಅಜ್ಜಿಗೆ ಕೊಡಲು ಹೋದೆ. ಕನ್ನಡಕ ಹಾಕಿಕೊಂಡು ನೇರವಾಗಿ ಹಿಂದಿನ ಅನುಬಂಧಕ್ಕೆ ಹೋದರು, ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಪ್ರಜೆ: ಹಂಗರಿ. ಜನಾಂಗ: ಜರ್ಮನ್. ಊರು: ಸೆಂತೆಲೆಕ್. ಹೆಸರು: ಯಾನೋಶ್. ಆಮೇಲೆ ನನ್ನ ಪೆನ್ನು ಕೇಳಿ ಪಡೆದು, ಅಂಚಿನಲ್ಲಿ ಆ ಹಳೆಯ ಮೊನಚು ಅಕ್ಷರಗಳಲ್ಲಿ ‘ಯೋಹಾನ್’ ಅಂತ ಬರೆದರು. ಆ ಹೊತ್ತಿಗೆ ನನಗೆ ಅದು ಓದಲು ಬರುತ್ತಿತ್ತು.